ಜೂನ್ ಒಂದರಂದು ಹುಟ್ಟಿದವರು

ನಾಲ್ಕನೇ ಸಾಲಿನ ಕೊನೆಯ ಪೆಟ್ಟಿಗೆಯ ದೀಪ ಹಸಿರಿನಿಂದ ಹಳದಿಗೆ ತಿರುಗಿದಾಗ ನೀಲಾಂಬಿಕಾ ಚಹಾದ ಲೋಟವನ್ನು ಬಾಯಿಯ ಹತ್ತಿರ ತಂದಿದ್ದಳು. ಹಳದಿ ಎಂದರೆ ಒಳಗಿರುವವರು ಏಳುವ ದಿನ ಬಂತು, ಮೈ ಬೆಚ್ಚಗಾಗತೊಡಗಿತು ಎಂದು ಅರ್ಥ. ಆ ಪೆಟ್ಟಿಗೆಯಲ್ಲಿ ಮಲಗಿದ್ದವರು ಅವಳ ಮಾವ ಸಂಗನಬಸಪ್ಪ.

ಲೋಟ ಕುಡಿಯದೆಯೇ ಮೇಜಿಗೆ ಇಳಿಯಿತು.

ಇಳಕಲ್ಲಿನ ಅಂಚಿನಲ್ಲಿದ್ದ ಆ ಕಟ್ಟಡದ ಫಲಕದ ಮೇಲೆ ಶ್ವಾಸಕೋಶ ಪುನಶ್ಚೇತನ ಕೇಂದ್ರ ಎಂದು ಬರೆದಿತ್ತು. ಊರವರ ಬಾಯಲ್ಲಿ ಅದು ಮಲಗೂ ಮನಿ. ಗ್ರಾನೈಟ್ ಕೊರೆದು, ಉಜ್ಜಿ, ಹೊಳಪು ಕೊಟ್ಟು ಬದುಕಿದವರ ಎದೆಯಲ್ಲಿ ಕಲ್ಲಿನ ಧೂಳು ಕೂತುಬಿಟ್ಟರೆ ಹಿಂದೆಲ್ಲ ಮದ್ದಿರಲಿಲ್ಲ. ಈಗ ಇತ್ತು. ರೋಗಿಯ ಮೂಗಿನೊಳಗಿನಿಂದಲೇ ಜೀವಕೋಶ ತೆಗೆದು ಬೆಳೆಸಿ ಶ್ವಾಸಕೋಶದಲ್ಲಿ ಬಿತ್ತುತ್ತಿದ್ದರು. ಆದರೆ ಉಸಿರಾಡುತ್ತಲೇ ಇರುವ ಎದೆಯಲ್ಲಿ ಅವು ಬೇರು ಬಿಡುವುದಿಲ್ಲ, ಅಲುಗದ ಮಡಿ ಬೇಕು. ಅದಕ್ಕಾಗಿ ಮೈಯನ್ನು ಬಾವಿಯ ನೀರಿನಷ್ಟು ತಣ್ಣಗೆ ಮಾಡಿ, ರಕ್ತಕ್ಕೆ ಯಂತ್ರದಿಂದ ಗಾಳಿ ಬೆರೆಸಿ, ಆರರಿಂದ ಎಂಟು ತಿಂಗಳು ಮಲಗಿಸುತ್ತಿದ್ದರು. ಎಷ್ಟು ದಿನ ಎಂಬುದನ್ನು ಬಿತ್ತಿದ ದಿನವೇ ಲೆಕ್ಕ ಹಾಕಿ ಯಂತ್ರಕ್ಕೆ ಹೇಳಿಬಿಡುವುದು ಪದ್ಧತಿ. ಬೇಗ ಎಬ್ಬಿಸಿದರೆ ಹಸಿ ಎದೆ ಉಸಿರು ತಡೆಯಲಾರದು. ತಡವಾದರೆ ಕೋಶಗಳು ಉಕ್ಕಿದ ಹಿಟ್ಟಿನ ಹಾಗೆ ಬೆಳೆದು ಗಾಳಿಯ ದಾರಿಯನ್ನೇ ಮುಚ್ಚುತ್ತವೆ.

ಮನೆಗೊಬ್ಬರಂತೆ ಅಲ್ಲಿ ಮಲಗಿ ಎದ್ದು ಬಂದ ಮೇಲೆ ಊರಿಗೆ ಅದು ರೂಢಿಯಾಯಿತು, ರೂಢಿಗೆ ಶಾಸ್ತ್ರವೂ ಹುಟ್ಟಿಕೊಂಡಿತು. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ಎನ್ನುತ್ತಿದ್ದ ಜನ, ಮಲಗಿದವರು ಯಾವಾಗ ಏಳುತ್ತಾರೆಂದೂ ಕೇಳಬಾರದು ಎಂದರು. ದಿನ ಕೇಳಿದರೆ ದಿನ ಕೆಡುತ್ತದೆ. ಡಾಕ್ಟರು ತಾರೀಖು ಹೇಳಲು ಬಾಯಿ ತೆರೆದರೆ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದರು, ಗಂಡಸರು ಬೀಡಿಯ ನೆಪ ಹೇಳಿ ಹೊರಗೆ ಹೋಗುತ್ತಿದ್ದರು. ಕೇಂದ್ರದವರೂ ಸೋತು ದಾರಿ ಬದಲಿಸಿದರು. ಏಳುವ ಹಿಂದಿನ ದಿನ ಮನೆಗೆ ಫೋನು ಹೋಗುತ್ತಿತ್ತು. ಎದ್ದು ಬರುವವರ ಸ್ನಾನದ ನೆಪದಲ್ಲಿ ಮಾತು ಒಂದೇ, "ನಾಳೆ ನೀರು ಕಾಯಿಸಿಡ್ರಿ."

ನೀಲಾಂಬಿಕಾ ಅಲ್ಲಿಯೇ ನಿಯಂತ್ರಣ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದರೂ ಮಾವನ ದಾಖಲೆಯನ್ನು ಒಂದು ದಿನವೂ ತೆರೆದಿರಲಿಲ್ಲ. ಅತ್ತೆಗೆ ಮಾತು ಕೊಟ್ಟಿದ್ದಳು.

"ಮಾವ ಏಳಾಕತ್ತಾನ, ಸೊಸಿ ಚಾ ಆರಸಾಕತ್ತಾಳ," ಎನ್ನುತ್ತ ದಾವಲಸಾಬ ಒಳಗೆ ಬಂದ. ಅವಳ ಜೊತೆ ಪಾಳಿ ಮಾಡುವವನು, ನಿವೃತ್ತಿಗೆ ಹತ್ತಿರವಾದವನು. "ಮನಿಗೆ ಓಡಬೇಕಿಲ್ಲೋ ತಂಗಿ?"

"ನಿನ್ನೆ ಫೋನ್ ಬಂದಿಲ್ಲ ದಾವಲಣ್ಣ. ನೀರು ಕಾಯಿಸ್ರಿ ಅಂತ ಯಾರೂ ಹೇಳಿಲ್ಲ."

"ಹೆಂಗ ಬರ್ತೈತಿ? ಯಂತ್ರಾನ ಊರು ಬಿಟ್ಟು ಹೊಂಟಿತ್ತಲ್ಲ."

ಅದು ನಿಜ. ಕೇಂದ್ರದ ಹಳೆಯ ಸರ್ವರ್ ಬಾಡಿಗೆಯ ಅವಧಿ ಮುಗಿದಿತ್ತು. ದಾಖಲೆಗಳನ್ನೆಲ್ಲ ಸಮುದ್ರದಾಚೆಯ ಹೊಸ ಸರ್ವರಿಗೆ ಸಾಗಿಸುವ ಕೆಲಸ ಮೂರು ದಿನ ನಡೆದು, ನಿನ್ನೆ ಸಂಜೆಯಷ್ಟೇ ಮುಗಿದಿತ್ತು. ಆ ಮೂರು ದಿನ ಫೋನುಗಳನ್ನು ನಿಲ್ಲಿಸಿದ್ದರು. ಹಳೆಯ ಯಂತ್ರವನ್ನು ಒಪ್ಪಂದದ ಪ್ರಕಾರ ಅಳಿಸಿಯೂ ಆಗಿತ್ತು, ಕಾಗದದ ಪ್ರತಿ ಇಡುವ ಪದ್ಧತಿ ಇರಲಿಲ್ಲ.

"ತಪ್ಪಿದ ಫೋನ್ ಎಷ್ಟದಾವ ನೋಡ್ತೀನಿ," ಎಂದು ದಾವಲಸಾಬ ಪರದೆಯ ಮುಂದೆ ಕೂತ. ಸ್ವಲ್ಪ ಹೊತ್ತಿಗೆ ಅವನ ನಗು ಕೇಳಿಸಿತು. "ಬಾ ಇಲ್ಲಿ. ಈ ಪುಣ್ಯಾತ್ಮನ್ನ ನೋಡು. ಮಲಗಿಸಿದ ದಿನ, ಬರೂ ನವೆಂಬರ್ ಎರಡು ಅಂತ. ಇನ್ನೂ ಮಾರ್ಚ್ ನಡದೈತಿ, ಇಂವಾ ನವೆಂಬರದಾಗ ಮಲಗಿ ಗೊರಕಿ ಹೊಡ್ಯಾಕತ್ತಾನ."

ನೀಲಾಂಬಿಕಾ ನಗಲಿಲ್ಲ. ಆ ಮನುಷ್ಯನನ್ನು ಮಲಗಿಸಿದ ದಿನ ಅವಳೇ ಪಾಳಿಯಲ್ಲಿದ್ದಳು. ಫೆಬ್ರವರಿ ಹನ್ನೊಂದು. ನಮ್ಮಲ್ಲಿ ಬರೆಯುವ ಹಾಗೆ ಹನ್ನೊಂದು, ಎರಡು. ತಿಂಗಳನ್ನು ಮೊದಲು ಓದುವ ದೇಶದ ಯಂತ್ರಕ್ಕೆ ಅದೇ ಅಂಕಿ ಹನ್ನೊಂದನೆಯ ತಿಂಗಳ ಎರಡನೆಯ ದಿನ.

"ದಾವಲಣ್ಣ, ಮಾವಾರ ದಾಖಲೆ ತೆಗಿ. ಏಳೂ ದಿನ ಓದು."

"ನಾನ? ನಿಮ್ಮತ್ತಿ ನನ್ನ ಬೈತಾಳ."

"ಓದು."

"ಮಾರ್ಚ್ ಐದು. ಇವತ್ತ." ಅವನ ದನಿಯಲ್ಲಿ ನಗು ಹೋಗಿತ್ತು. ಐದು, ಮೂರು ಎಂದು ಸರಿಯಾಗಿ ಬಂದಿದ್ದರೆ ಮಾರ್ಚ್ ಐದು. ಮೂರು, ಐದು ಎಂದಿದ್ದದ್ದು ತಿರುವಿ ಬಂದಿದ್ದರೆ ಮೇ ಮೂರು. ಎರಡು ತಿಂಗಳ ಅಂತರ.

"ಮಲಗಿಸಿದ ದಿನ ನೋಡು, ಅದರಿಂದ ಗೊತ್ತಾಗತೈತಿ."

ದಾವಲಸಾಬ ನೋಡಿ ತಲೆ ಅಲ್ಲಾಡಿಸಿದ. ಸೆಪ್ಟೆಂಬರ್ ಒಂಬತ್ತು. ಒಂಬತ್ತು, ಒಂಬತ್ತು. ಹೇಗೆ ತಿರುವಿದರೂ ಅದೇ.

*

ಕೇಂದ್ರದ ಹಿರಿಯ ವೈದ್ಯೆ ಗಲಗಲಿ ಡಾಕ್ಟರು ಪೆಟ್ಟಿಗೆಯ ಗಾಜಿಗೆ ಹಣೆ ತಾಗಿಸಿ ನೋಡಿದರು. ಒಳಗೆ ಸಂಗನಬಸಪ್ಪನ ಬಿಳಿ ಗಡ್ಡ ಆರು ತಿಂಗಳಲ್ಲಿ ಒಂದು ಬೆರಳಗಲವೂ ಬೆಳೆದಿರಲಿಲ್ಲ. ಉಗುರುಗಳ ಅಂಚಿನಲ್ಲಿ ಕಲ್ಲಿನ ಬೂದು ಗೆರೆ ಹಾಗೇ ಇತ್ತು.

"ಆರೂ ಸರಿ, ಎಂಟೂ ಸರಿ," ಎಂದರು ಡಾಕ್ಟರು. "ಹೊರಗಿಂದ ನೋಡಿ ಎದೆ ಹಣ್ಣಾಗಿದೆಯೋ ಕಾಯೋ ಹೇಳೋಕಾಗಲ್ಲ ನೀಲಾ. ಬಿತ್ತಿದವರು ವಿಶಾಖಪಟ್ಟಣಕ್ಕೆ ಹೋಗಿ ವರ್ಷದ ಮೇಲೆ ಹಡಗಿನ ಡಾಕ್ಟರಾಗಿದ್ದಾರೆ, ಈಗ ಸಮುದ್ರದಲ್ಲಿ, ಫೋನು ಸಿಗಲ್ಲ." ತಡೆದು, ತಮ್ಮ ಮಾತನ್ನೇ ತಿದ್ದಿಕೊಂಡರು. "ವರ್ಷವಲ್ಲ, ಡಿಸೆಂಬರಿನಲ್ಲಿ ಹೋದದ್ದು. ನನಗೂ ದಿನಗಳೆಲ್ಲ ಕಲಸಿಹೋಗಿವೆ."

ಪರದೆಯ ಮೇಲೆ ಉಷ್ಣತೆಯ ಗೆರೆ ನಿಧಾನವಾಗಿ ಏರುತ್ತಿತ್ತು. ಅರ್ಧಕ್ಕೆ ಒಂದು ಕೆಂಪು ಗೆರೆ. ಅದನ್ನು ಮುಟ್ಟುವ ತನಕ ಹಿಂದಕ್ಕೆ ತಿರುಗಿಸಬಹುದು, ದಾಟಿದ ಮೇಲೆ ಮೈ ತನ್ನದೇ ಉಸಿರು ಕೇಳುತ್ತದೆ. ಇಲ್ಲಿ ನಿಲ್ಲಿಸಿ ಯೋಚಿಸೋಣ ಎನ್ನುವಂತಿಲ್ಲ. ಹಿಂದಕ್ಕೆ ತಿರುಗಿಸಿದರೂ ಮತ್ತೆ ಬೆಚ್ಚಗೆ ಮಾಡಲು ತಿಂಗಳು ಕಾಯಬೇಕು. ಇವತ್ತೇ ಏಳಬೇಕಾದ ಎದೆಗೆ ಆ ತಿಂಗಳು ಬಹಳ ಹೆಚ್ಚು.

"ಊಟದ ಹೊತ್ತು ಕಳೆದು ಸ್ವಲ್ಪಕ್ಕೆ ಕೆಂಪು ಮುಟ್ಟುತ್ತೆ," ಎಂದರು ಡಾಕ್ಟರು. "ಅಷ್ಟರೊಳಗೆ ಏನಾದರೂ ಹುಡುಕಿ."

ಸಾಗಣೆ ಮಾಡಿದ ಕಂಪನಿಯ ಎಂಜಿನಿಯರು ಫೋನಿನಲ್ಲಿ ಸಿಕ್ಕಿದ. ನಿದ್ದೆಗೆಟ್ಟ ದನಿ, ಮೈಸೂರು ಕಡೆಯ ಮಾತು.

"ಮೇಡಂ, ಮೊದಮೊದಲು ಹೋದ ದಾಖಲೆಗಳನ್ನ ಆ ಸರ್ವರ್ ತನ್ನ ಪದ್ಧತೀಲೇ ಓದ್ಕೊಂಡಿದೆ, ತಿಂಗಳು ಮೊದಲು ಅಂತ. ದಿನದ ಅಂಕಿ ಹನ್ನೆರಡು ದಾಟಿದ್ರೆ ಬಚಾವ್, ಹದಿಮೂರನೇ ತಿಂಗಳು ಇಲ್ವಲ್ಲ, ಅದನ್ನ ಮುಟ್ಟಿಲ್ಲ. ಮಧ್ಯದಲ್ಲಿ ಲೈನ್ ಕಟ್ಟಾಯ್ತು. ಆಮೇಲೆ ಶುರು ಮಾಡುವಾಗ ನಾನೇ ಸರಿಪಡಿಸಿದೆ. ಹಾಗಾಗಿ ಉಳಿದವು ಸರಿಯಾಗೇ ಹೋಗಿವೆ."

"ಎಲ್ಲಿ ಕಟ್ಟಾತು? ಯಾವ ದಾಖಲೆ ಮೊದಲಿನವು, ಯಾವು ಆಮೇಲಿನವು?"

"ಗುರುತು ಇಲ್ಲ ಮೇಡಂ. ಸಾಲಾಗಿ ಹೋಗಿಲ್ಲ, ಸಿಕ್ಕ ಸಿಕ್ಕ ಹಾಗೆ ಹೋಗಿವೆ. ಒಂದು ದಾಖಲೆ ತಿರುವಿದ್ರೆ ಅದರಲ್ಲಿರೋ ತಾರೀಖೆಲ್ಲಾ ತಿರುವಿರುತ್ತೆ, ಅಷ್ಟು ಮಾತ್ರ ಹೇಳಬಲ್ಲೆ. ಮನೆಯವರನ್ನ ಕೇಳಿದ್ರಾಗಲ್ವಾ? ಏಳೋ ದಿನ ಮನೆಯವರಿಗೆ ಗೊತ್ತಿರಲ್ವಾ?"

ಈ ಊರಿನಲ್ಲಿ ಗೊತ್ತಿರುವುದಿಲ್ಲ ಎಂಬುದನ್ನು ಅವನಿಗೆ ಹೇಗೆ ಹೇಳುವುದು. ನೀಲಾಂಬಿಕಾ ಫೋನಿಟ್ಟು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗೆ?" ಎಂದು ಕೇಳಿಬಿಟ್ಟು ದಾವಲಸಾಬ ನಾಲಿಗೆ ಕಚ್ಚಿಕೊಂಡ.

*

ಮನೆ ಎರಡು ಓಣಿ ಆಚೆ. ಗಂಡ ಪ್ರಭು ಕಲ್ಲಿನ ಲಾರಿ ತೆಗೆದುಕೊಂಡು ಮಂಗಳೂರು ಬಂದರಿಗೆ ಹೋಗಿದ್ದ. ಬಿಸಿಲು ಏರಿದ್ದರಿಂದ ಶಾಲೆ ಮುಂಜಾನೆಗಷ್ಟೇ ಇತ್ತು. ಆರು ವರ್ಷದ ಇಂಚರಾ ಪಡಸಾಲೆಯಲ್ಲಿ ಕೂತು ಅಜ್ಜಿ ಬಡಿದುಕೊಟ್ಟ ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚುತ್ತಿದ್ದಳು. ಗುರುಶಾಂತವ್ವ ಸೊಸೆಯ ಮುಖ ನೋಡಿ ಬಡಿಯುವ ಕೈ ನಿಲ್ಲಿಸಿದಳು.

"ಈ ಹೊತ್ತಿನಾಗ ಯಾಕ ಬಂದಿ?"

"ಅತ್ತಿ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಲಗಾಕ ಹೋಗೂ ಮುಂದ ಮಾವಾರು ನಿಮಗ ದಿನ ಏನರ ಹೇಳಿದ್ರೇನ್ರಿ?"

ಹಿಟ್ಟು ಮೆತ್ತಿದ ಎರಡೂ ಕೈ ಕಿವಿಗೆ ಹೋದವು.

"ಬಾಯಾಗ ಹುಳಾ ಬೀಳ್ತಾವ ನಿನಗ. ಮಾತು ಕೊಟ್ಟಾಕಿ ನೀನ, ಕೇಳಾಕ ಬಂದಾಕೀನೂ ನೀನ."

"ದಿನ ಬ್ಯಾಡ್ರಿ. ಹೇಳಿದ್ರೋ ಇಲ್ಲೋ, ಅಷ್ಟ ಹೇಳ್ರಿ."

ಸೊಸೆಯ ದನಿಯಲ್ಲಿ ಏನೋ ಕೇಳಿಸಿರಬೇಕು. ಗುರುಶಾಂತವ್ವ ಕೈ ಇಳಿಸಿದಳು. ಕಿವಿಯ ಬುಗುಡಿಗೆ ಹಿಟ್ಟು ಹತ್ತಿತ್ತು.

"ಹೇಳಾಕ ಬಂದಿದ್ರು. ಆಸ್ಪತ್ರಿ ಅಂಗಿ ಹಾಕ್ಕೊಂಡು, ಮಂಚದ ಮ್ಯಾಲ ಮದುಮಗನಂಗ ಕುಂತು, 'ಗುರುಶಾಂತಾ, ಇಲ್ಲಿ ಕೇಳು' ಅಂತ ಸುರು ಮಾಡಿದ್ರು. ನಾ ಕಿವಿ ಮುಚ್ಚಿಕೊಂಡು ಬಸವಾ ಬಸವಾ ಅಂತ ಒದರಿದೆ. ಬಾಯಿ ಆಡೂದು ಅಷ್ಟ ಕಾಣ್ತಿತ್ತು. ನಕ್ಕರು. ಆಮ್ಯಾಲ ನರ್ಸ್ ಬಂದು ಕರಕೊಂಡು ಹೋದ್ಲು." ಅವಳು ಹಂಚಿನ ಮೇಲಿನ ರೊಟ್ಟಿಯನ್ನು ಮಗುಚಿದಳು. ಅದು ಕರಿದಾಗಿತ್ತು. "ಏನಾಗೇತಿ ನೀಲಾ? ಖರೇ ಹೇಳು."

ನೀಲಾಂಬಿಕಾ ಮುಚ್ಚಿಡಲಿಲ್ಲ. "ಮಾವಾರ ಪೆಟಗಿ ಬೆಚ್ಚಗಾಗಾಕತ್ತೈತಿ. ಇವತ್ತ ಏಳಬೇಕೋ, ಇನ್ನೂ ಮಲಗಬೇಕೋ, ಯಂತ್ರಕ್ಕ ಮರ್ತು ಹೋಗೇತಿ. ನಮಗೂ ತಿಳಿವಲ್ದು."

ಗುರುಶಾಂತವ್ವ ಒಲೆಯ ಉರಿ ಸಣ್ಣ ಮಾಡಿದಳು. ಕಿವಿ ಮುಚ್ಚಿಕೊಂಡದ್ದು ತಪ್ಪಾಯಿತೇ ಎಂದು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ನೀಲಾಂಬಿಕಾ ಏನು ಹೇಳುತ್ತಿದ್ದಳೋ.

ಇಂಚರಾಳ ಕಿವಿಗೆ ಬಿದ್ದದ್ದು ಅಜ್ಜ ಏಳುತ್ತಾನೆ ಎಂಬ ಒಂದು ಮಾತು. "ಅಜ್ಜ ಹ್ಯಾಪಿ ಬರ್ತ್‌ಡೇಕ್ಕ ಎದ್ದಿರ್ತಾನಾ ಅವ್ವಾ? ಹೋದ ಸಲ ಕೇಕ್ ಮ್ಯಾಲಿನ ಹೂವು ನನಗ ಕೊಟ್ಟಿದ್ದ."

"ಏನ್ ಬರ್ತ್‌ಡೇ ನಿಮ್ಮಜ್ಜಂದು," ಗುರುಶಾಂತವ್ವ ಮೂಗು ಸೆಳೆದುಕೊಂಡಳು. ಅಳು ತಡೆಯಲು ಅವಳಿಗೆ ಗೊತ್ತಿದ್ದದ್ದು ಗಂಡನನ್ನು ಬೈಯುವುದೊಂದೇ. "ಹುಟ್ಟಿದ್ದು ಸೀಗಿ ಹುಣ್ಣಿವಿ ದಿನ, ಹೊಲದಾಗ. ಸಾಲಿಗೆ ಹಚ್ಚೂ ಮುಂದ ತಾರೀಖು ಯಾರಿಗೆ ಗೊತ್ತಿತ್ತು? ಮಾಸ್ತರು ಜೂನ್ ಒಂದು ಅಂತ ಬರಕೊಂಡ್ರು. ನಿಮ್ಮಜ್ಜಂದೂ ಜೂನ್ ಒಂದು, ಅವರಣ್ಣಂದೂ ಜೂನ್ ಒಂದು, ನಂದೂ ಜೂನ್ ಒಂದು. ಇಡೀ ಓಣೀನ ಒಂದ ದಿನ ಹಡದು ಕೊಟ್ಟಾರ ಮಾಸ್ತರು. ತನ್ನ ಹುಟ್ಟಿದ ದಿನಾನ ತಿಳೀದ ಮನಷ್ಯಾ, ಏಳೂ ದಿನ ಹೇಳಾಕ ಬಂದಿದ್ದ ನನಗ."

ನೀಲಾಂಬಿಕಾ ಅತ್ತೆಯ ಬಾಯನ್ನೇ ನೋಡುತ್ತ ನಿಂತಳು. ಆಮೇಲೆ ಫೋನು ತೆಗೆದಳು.

"ದಾವಲಣ್ಣ, ಮಾವಾರ ದಾಖಲೆಯೊಳಗ ಹುಟ್ಟಿದ ದಿನ ಏನೈತಿ, ಓದು."

"ಹುಟ್ಟಿದ ದಿನ ಯಾಕ ಈಗ?"

"ಓದು ಮೊದ್ಲ."

"ಜನವರಿ ಆರು." ಆಮೇಲೆ ದಾವಲಸಾಬ ಮೆಲ್ಲಗೆ, "ಜನವರಿ ಆರು ಅಂದ್ರ, ಆರು, ಒಂದು. ಒಂದು, ಆರು. ತಂಗಿ, ಇದು ಜೂನ್ ಒಂದ ಅಲ್ಲೇನ? ನಂದೂ ಜೂನ್ ಒಂದ."

"ತಿರುವೈತಿ. ದಾಖಲೆ ತಿರುವೈತಿ ದಾವಲಣ್ಣ."

"ತಡಿ, ಒಬ್ಬರನ್ನ ನೋಡಿ ನಂಬೂದು ಬ್ಯಾಡ. ಮಲಗಿದ ಹಿರ್ಯಾರನ್ನೆಲ್ಲಾ ತೆಗೀತೀನಿ." ಕೀಲಿಮಣೆಯ ಸದ್ದು. ಸ್ವಲ್ಪ ಹೊತ್ತಿಗೆ ಅವನು ನಗತೊಡಗಿದ, ಕೆಮ್ಮು ಬರುವಷ್ಟು. "ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಯಾರ, ಅರ್ಧ ಮಂದಿ ಜನವರಿ ಆರಕ್ಕ. ನಡಕ ಬ್ಯಾರೆ ಯಾವ ದಿನಾನೂ ಈ ತಾಲೂಕಿನಾಗ ಹೆರಿಗೀನ ಆಗಿಲ್ಲ. ಆ ನವೆಂಬರದ ಪುಣ್ಯಾತ್ಮನೂ ಜನವರಿ ಆರರಾಂವನ. ಬಾ, ಓಡಿ ಬಾ."

ನೀಲಾಂಬಿಕಾ ತಿರುಗಿದಾಗ ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕಿವಿ ಮುಚ್ಚಿಕೊಂಡು, ಕಣ್ಣಷ್ಟೇ ಬಿಟ್ಟುಕೊಂಡು.

*

ಗೆರೆ ಕೆಂಪಿನ ಸಮೀಪಕ್ಕೆ ಬಂದಿತ್ತು. ಗಲಗಲಿ ಡಾಕ್ಟರು ಪೂರ್ತಿ ಕೇಳಿಸಿಕೊಂಡರು. ತಿರುಗಿಸುವ ಗುಂಡಿ ಒತ್ತುವ ಅಧಿಕಾರ ಅವರೊಬ್ಬರದು.

"ಒಂದು ಪ್ರಶ್ನೆ ಕೇಳಲೇಬೇಕು ನೀಲಾ. ಇದು ನಿಮ್ಮ ಮನೆಯ ಮನುಷ್ಯ. ಆಸೆಗೆ ಬಿದ್ದು ಹೇಳ್ತಿಲ್ಲ ತಾನೇ?"

"ಆಸೆಗೆ ಬಿದ್ದಿದ್ರ ಇವತ್ತ ಏಳ್ಲಿ ಅಂತಿದ್ದೆ ಮೇಡಂ."

ಡಾಕ್ಟರು ಅವಳನ್ನು ನೋಡಿದರು. ಆಮೇಲೆ ಗಾಜಿನ ಕಡೆ ನೋಡಿದರು.

ಸಂಗನಬಸಪ್ಪನ ಬಲಗೈ ಹೆಬ್ಬೆರಳು ಅಲುಗುತ್ತಿತ್ತು. ಪೆಟ್ಟಿಗೆಯ ಒಳ ಅಂಚಿನ ಮೇಲೆ ಮೆಲ್ಲಗೆ ಮುಂದಕ್ಕೆ ಹೋಗಿ, ಮೆಲ್ಲಗೆ ಹಿಂದಕ್ಕೆ ಬರುತ್ತಿತ್ತು. ಮೈ ಬೆಚ್ಚಗಾದಾಗ ಸ್ನಾಯು ಹಾಗೆ ಅದುರುವುದುಂಟು ಎಂದು ಡಾಕ್ಟರು ಅಂದರು. ನೀಲಾಂಬಿಕಾಗೆ ಗೊತ್ತಿತ್ತು, ಅದು ಅದುರುವುದಲ್ಲ. ನಲವತ್ತು ವರ್ಷ ಕಲ್ಲಿನ ನುಣುಪನ್ನು ಆ ಹೆಬ್ಬೆರಳಿನಿಂದಲೇ ನೋಡಿದ ಮನುಷ್ಯ. ಮದುವೆಯಾಗಿ ಬಂದ ಹೊಸತರಲ್ಲಿ ಅವಳು ತೊಳೆದಿಟ್ಟ ತಾಟಿನ ಮೇಲೂ ಹಾಗೇ ಬೆರಳಾಡಿಸಿ, "ಪಾಲಿಶ್ ಛಲೋ ಐತಿ," ಎಂದಿದ್ದರು. ಅವಳು ಅವತ್ತು ಅಡುಗೆಮನೆಗೆ ಹೋಗಿ ನಕ್ಕಿದ್ದಳು.

ಇನ್ನೊಂದು ಸ್ವಲ್ಪ ಹೊತ್ತು ಬಿಟ್ಟರೆ ಕಣ್ಣು ತೆರೆಯುತ್ತಾರೆ. ಆರು ತಿಂಗಳ ಮೇಲೆ ಅವರ ಮಾತು ಕೇಳಿಸುತ್ತದೆ. ಎಷ್ಟು ಹೊತ್ತು ಕೇಳಿಸೀತು?

"ತಿರುಗಿಸ್ರಿ ಮೇಡಂ," ಎಂದಳು.

ಹೆಬ್ಬೆರಳು ನಿಧಾನವಾಯಿತು. ನಿಂತಿತು. ಪರದೆಯ ಗೆರೆ ಮೇಲಕ್ಕೇರುವುದನ್ನು ಬಿಟ್ಟು ಬಾಗಿ ಇಳಿಯತೊಡಗಿತು. ದೀಪ ಹಸಿರಾಯಿತು.

"ಅವರು ಮಲಗಿದ್ರು," ಎಂದ ದಾವಲಸಾಬ. "ಇವತ್ತ ಏಳಬೇಕಾದವರು ಯಾರು ಹಂಗಾದ್ರ?"

ಅಲ್ಲಿಯವರೆಗೂ ಯಾರಿಗೂ ಅದು ಹೊಳೆದಿರಲಿಲ್ಲ. ಮಾರ್ಚ್ ಐದನ್ನು ಯಂತ್ರ ಮೇ ಮೂರು ಎಂದು ಓದಿಕೊಂಡಿದ್ದರೆ, ಒಬ್ಬರು ಯಾರೋ ಮೇ ತನಕ ಮಲಗಿಯೇ ಇರುತ್ತಿದ್ದರು. ದಾವಲಸಾಬ ಹುಡುಕಿದ. ಏಳುವ ದಿನ ಮೇ ಮೂರು, ಹುಟ್ಟಿದ ದಿನ ಜನವರಿ ಆರು. ಎರಡನೇ ಸಾಲಿನ ತಿಪ್ಪವ್ವ, ಕ್ರಷರಿನಲ್ಲಿ ಬುಟ್ಟಿ ಹೊತ್ತವಳು. ಡಾಕ್ಟರು ದಾಖಲೆ ಓದಿ ಮುಗಿಸಿದ ಕೂಡಲೇ ಅವಳ ದೀಪ ಹಳದಿಯಾಯಿತು. ಸ್ವಲ್ಪ ತಡವಾದರೂ ದಿನ ಅದೇ.

ದಾವಲಸಾಬ ಅವಳ ಮಗನಿಗೆ ಫೋನು ಹಚ್ಚಿದ. "ನೀರು ಕಾಯಿಸಿಡಪ್ಪಾ. ನಾಳೆ ಅಲ್ಲೋ, ಈಗ. ಈಗ ಅಂದ್ರ ಈಗ."

ಉಳಿದ ಮಧ್ಯಾಹ್ನವೆಲ್ಲ ಇಬ್ಬರೂ ಕೂತು ದಾಖಲೆಗಳನ್ನು ತಿದ್ದಿದರು. ಜನವರಿ ಆರರವರನ್ನು ತಿರುವಿದರು, ಜೂನ್ ಒಂದರವರನ್ನು ಹಾಗೇ ಬಿಟ್ಟರು. ಆಸ್ಪತ್ರೆಯಲ್ಲಿ ಹುಟ್ಟಿ ನಿಜವಾದ ತಾರೀಖು ಪಡೆದ ಚಿಕ್ಕ ವಯಸ್ಸಿನವರದ್ದೇ ತೊಡಕು. ಅವರ ಮನೆಗಳಿಗೆ ಫೋನು ಮಾಡಿದರು. ಏಳುವ ದಿನ ಕೇಳಿದರೆ ತಾನೇ ಕೆಡುವುದು, ಹುಟ್ಟಿದ ದಿನ ಕೇಳಿದರೆ ಏನೂ ಕೆಡುವುದಿಲ್ಲ. ಜನ ಸಂತೋಷದಿಂದ ಹೇಳಿದರು. ಒಬ್ಬ ಮುದುಕಿ ಮಾತ್ರ ಮೊದಲು ವಿಚಾರಿಸಿಕೊಂಡಳು, "ಖರೇದ್ದು ಹೇಳ್ಲೋ, ಸಾಲೀದು ಹೇಳ್ಲೋ?"

ಕೊನೆಗೆ ನೀಲಾಂಬಿಕಾ ಒಂದು ಕೆಲಸ ಮಾಡಿದಳು. ಇನ್ನು ಮುಂದೆ ಪರದೆಯ ಮೇಲೆ ತಿಂಗಳನ್ನು ಅಂಕಿಯಲ್ಲಿ ತೋರಿಸದಂತೆ, ಹೆಸರನ್ನೇ ಬರೆಯುವಂತೆ ಯಂತ್ರಕ್ಕೆ ಹೇಳಿದಳು. ಸಂಗನಬಸಪ್ಪನ ಹೆಸರಿನ ಮುಂದೆ 'ಮೇ ಮೂರು' ಎಂದು ಕನ್ನಡದ ಅಕ್ಷರದಲ್ಲಿ ಮೂಡಿತು. ಅದನ್ನು ಓದಿದ ಮೇಲೆ, ಮಾತು ಕೊಟ್ಟದ್ದು ಮುರಿದೆನಲ್ಲ ಎನಿಸಿತು.

*

ಹೊತ್ತು ಇಳಿಯುವ ವೇಳೆಗೆ ಅವಳು ಮನೆಗೆ ಬಂದಾಗ ಬಚ್ಚಲ ಒಲೆಯ ಮೇಲೆ ಹಂಡೆ ತುಂಬ ನೀರು ಕುದಿಯುತ್ತಿತ್ತು. ಗುರುಶಾಂತವ್ವ ಅದರ ಮುಂದೆ ಕೂತಿದ್ದಳು. ಸೊಸೆ ಒಬ್ಬಳೇ ಬಂದದ್ದನ್ನು ನೋಡಿದಳು. ಏನೂ ಕೇಳಲಿಲ್ಲ. ಕೇಳಬಾರದು.

"ಅರಾಮ್ ಮಲಗ್ಯಾರ್ರಿ ಅತ್ತಿ," ಎಂದಳು ನೀಲಾಂಬಿಕಾ. "ಹೆಬ್ಬಟ್ಟಿಲೆ ಪೆಟಗಿ ಪಾಲಿಶ್ ನೋಡಾಕತ್ತಿದ್ರು."

ಗುರುಶಾಂತವ್ವನ ಬಾಯಿ ನಗಲು ಹೋಗಿ ಇನ್ನೇನೋ ಆಯಿತು. "ಅಲ್ಲೀನೂ ಕೊಂಕು ತಗದಿರಬೇಕು," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ನೀರು ಕಾದಾವ. ನೀನರ ಎರಕೋ ಹೋಗು. ಮುಖ ನೋಡು ಹೆಂಗಾಗೇತಿ."

ಇಂಚರಾ ಅಂಗಳದಿಂದ ಓಡಿ ಬಂದು ತಾಯಿಯ ಸೊಂಟ ಹಿಡಿದಳು. ಮಧ್ಯಾಹ್ನದ ಪ್ರಶ್ನೆಗೆ ಉತ್ತರ ಬಂದಿಲ್ಲ ಎಂಬುದನ್ನು ಅವಳು ಮರೆತಿರಲಿಲ್ಲ.

"ಅವ್ವಾ, ಅಜ್ಜನ ಬರ್ತ್‌ಡೇಕ್ಕ ಎಂಥಾ ಕೇಕ್ ತರೂಣು?"

ಗುರುಶಾಂತವ್ವನ ಕೈಗಳು ಎದ್ದವು. ಜೂನ್ ಒಂದು ಎಂಬುದು ಸುಳ್ಳೇ ಇರಲಿ, ದಿನ ದಿನವೇ.

ನೀಲಾಂಬಿಕಾ ಮಗಳ ಕೂದಲನ್ನು ಹಿಂದಕ್ಕೆ ಸವರಿದಳು. ಅತ್ತೆಯ ಕಡೆ ನೋಡಲಿಲ್ಲ. "ಅಜ್ಜನ್ನ ಕೇಳೂಣಂತ. ಅವಂಗ ಯಾವುದು ಬೇಕೋ ಅದನ್ನ ತರೂದು."

ಎದ್ದ ಕೈಗಳು ಕಿವಿಯ ತನಕ ಹೋಗಲಿಲ್ಲ. ಭುಜದ ಹತ್ತಿರ ನಿಂತವು, ಸ್ವಲ್ಪ ಹೊತ್ತು ಅಲ್ಲೇ ಇದ್ದವು, ಮಡಿಲಿಗೆ ಇಳಿದವು. ಹಂಡೆಯ ಮುಚ್ಚಳ ಆವಿಗೆ ಕುಣಿಯುತ್ತಿತ್ತು.

"ಕೇಕ್ ಗೀಕ್ ಅವರಿಗೆ ಸೇರೂದಿಲ್ಲ," ಎಂದಳು ಗುರುಶಾಂತವ್ವ, ಗೋಡೆಗೆ ಹೇಳಿದ ಹಾಗೆ. "ಗೋಧಿ-ಬೆಲ್ಲದ ಮಾದಲಿ ಅಂದ್ರ ಪ್ರಾಣ." ಎದ್ದು, ಮೂಲೆಯ ಡಬ್ಬಿಯಿಂದ ಗೋಧಿ ತೆಗೆದು ಮೊರಕ್ಕೆ ಸುರಿದುಕೊಂಡು ಬಾಗಿಲ ಬೆಳಕಿಗೆ ಬಂದು ಕೂತಳು. ಒಂದೊಂದೇ ಹರಳು ಹೆಕ್ಕತೊಡಗಿದಳು. ಬಹಳ ಹೊತ್ತಿನ ಮೇಲೆ ತಲೆ ಎತ್ತದೆ ಕೇಳಿದಳು.

"ಹಿಟ್ಟು ಈಗ ಬೀಸಿಸಿಟ್ರ ಹುಳಾ ಬೀಳ್ತಾವೇನ ನೀಲಾ?"

"ಈಗ ಬ್ಯಾಡ್ರಿ ಅತ್ತಿ. ಹಸನ ಮಾಡಿಡ್ರಿ ಸಾಕು. ಮಾವಿನಹಣ್ಣು ಬರ್ಲಿ, ಆವಾಗ ಬೀಸಿಸೂಣು."

ಗುರುಶಾಂತವ್ವ ಹೂಂ ಎಂದಳು. ಮೊರವನ್ನು ಒಮ್ಮೆ ಕೊಡವಿ, ಗೋಧಿಯ ಮೇಲೆ ಹೆಬ್ಬೆರಳು ಆಡಿಸಿ ನೋಡಿ, ಡಬ್ಬಿಯಿಂದ ಇನ್ನೊಂದು ಬೊಗಸೆ ಹಾಕಿಕೊಂಡಳು.